ಆಕಾಶದಲ್ಲಿ ಎಂಜಿನು ನಿಂತರೆ

ಎಂಜಿನು ನಿಂತ ಕ್ಷಣವೇ ವಿಮಾನವು ಕಲ್ಲಿನಂತೆ ನೆಲಕ್ಕೆ ಬೀಳುವುದೆಂಬ ನಂಬಿಕೆ ನಮ್ಮ ಜನರಲ್ಲಿ ಬಲವಾಗಿ ಬೇರೂರಿದೆ. ಓದುಬರಹ ಬಲ್ಲವರೂ ಇದಕ್ಕೆ ಹೊರತಲ್ಲ. ಮೋಟಾರು ಕಾರಿನ ಎಂಜಿನು ನಿಂತರೆ ಅದನ್ನು ರಸ್ತೆಯ ಬದಿಗೆ ನೂಕಿ ನಿಲ್ಲಿಸಬಹುದು. ಆಕಾಶದಲ್ಲಿ ಬದಿಯೆಲ್ಲಿಯದು ಎಂಬುದೇ ಈ ಭಯದ ಮೂಲ. ಭಯವೇನೋ ಸಹಜವಾದದ್ದೇ, ಆದರೆ ಅದಕ್ಕೆ ಆಧಾರವಾದ ತರ್ಕವು ಸರಿಯಾದುದಲ್ಲ.

ಈಚಿನ ವರ್ಷಗಳಲ್ಲಿ ಸಾಧಾರಣ ಸ್ಥಿತಿಯ ಮನೆಗಳಿಂದಲೂ ಗಂಡುಮಕ್ಕಳೂ ಹೆಣ್ಣುಮಕ್ಕಳೂ ವಿಮಾನವಿದ್ಯೆಯನ್ನು ಕಲಿಯಲು ಹೊರಡುತ್ತಿರುವುದು ವಾಚಕರಿಗೆ ತಿಳಿದೇ ಇದೆ. ನಮ್ಮ ಹಳೆಯ ಶಿಷ್ಯರೊಬ್ಬರ ಮಗಳು ಹೀಗೆ ಹೋದವಳು. ಅವಳು ಮೊದಲ ಸಲ ಒಂಟಿಯಾಗಿ ಹಾರತಕ್ಕ ದಿನವು ಹತ್ತಿರವಾದಾಗ ಅವಳ ತಾಯಿ ಮೂರು ರಾತ್ರಿ ಕಣ್ಣು ಮುಚ್ಚಲಿಲ್ಲವಂತೆ. “ಮೇಷ್ಟ್ರೇ, ನೀವು ನಾಲ್ಕು ಓದಿಕೊಂಡವರು. ಅಷ್ಟೆತ್ತರದಲ್ಲಿ ಎಂಜಿನು ಕೈಕೊಟ್ಟರೆ ನಮ್ಮ ಮಗು ಏನು ಮಾಡಬೇಕು, ಹೇಳಿ” ಎಂದು ಆಕೆ ನಮ್ಮನ್ನು ಕೇಳಿದರು. ಅಮರಕೋಶವನ್ನೂ ರಘುವಂಶವನ್ನೂ ಪಾಠ ಹೇಳಿ ನಿವೃತ್ತರಾದ ನಮಗೆ ಹಾಕತಕ್ಕ ಪ್ರಶ್ನೆಯೇ ಇದು? ಅಮರಸಿಂಹನು ವಿಮಾನಕ್ಕೆ ವ್ಯೋಮಯಾನವೆಂಬ ಪರ್ಯಾಯವನ್ನು ಕೊಟ್ಟಿದ್ದಾನೆಯೇ ಹೊರತು ಅದು ನಡುದಾರಿಯಲ್ಲಿ ನಿಂತರೇನು ಗತಿಯೆಂಬುದನ್ನು ಹೇಳಿಲ್ಲ. ಕುಬೇರನ ಪುಷ್ಪಕಕ್ಕೆ ಪೆಟ್ರೋಲಿನ ಹಂಗಿರಲಿಲ್ಲ. ಆದರೂ ತಾಯಿಯೊಬ್ಬಳ ಕಳವಳಕ್ಕೆ ಶುಷ್ಕ ಸಮಾಧಾನವನ್ನು ಹೇಳಿ ಕಳುಹಿಸುವುದು ನಮ್ಮ ಮನಸ್ಸಿಗೆ ಒಪ್ಪಲಿಲ್ಲ. ವಿಮಾನಶಿಕ್ಷಣದ ಪುಸ್ತಕಗಳನ್ನೂ ಅಪಘಾತಗಳ ತನಿಖಾ ವರದಿಗಳನ್ನೂ ಸಂಪಾದಿಸಿ ಓದಿದೆವು. ತಿಳಿಯದ ಕಡೆ ಆ ಹುಡುಗಿಯನ್ನೇ ಎದುರಿಗೆ ಕೂರಿಸಿಕೊಂಡು ಶಿಷ್ಯರಾದೆವು. ಆ ತಾಯಿಗೆ ಹೇಳಿದ್ದನ್ನೇ ಇಲ್ಲಿ ಕೊಂಚ ವಿಸ್ತರಿಸಿ ಬರೆಯುತ್ತಿದ್ದೇವೆ. ಇಲ್ಲಿ ನಾವು ಹೇಳುವುದು ಒಂದೇ ಎಂಜಿನುಳ್ಳ, ಇಬ್ಬರೋ ನಾಲ್ವರೋ ಕೂರತಕ್ಕ ಸಣ್ಣ ಖಾಸಗಿ ವಿಮಾನಗಳ ಮಾತನ್ನು.

ವಿಮಾನವನ್ನು ಆಕಾಶದಲ್ಲಿ ಎತ್ತಿ ಹಿಡಿಯತಕ್ಕದ್ದು ಎಂಜಿನಲ್ಲ, ರೆಕ್ಕೆ. ರೆಕ್ಕೆಯ ಮೇಲೆ ಕೆಳಗೆ ಗಾಳಿಯು ತಕ್ಕಷ್ಟು ವೇಗದಿಂದ ಹರಿಯುತ್ತಿರುವವರೆಗೂ ವಿಮಾನವು ಬೀಳದು. ಆ ವೇಗವನ್ನು ಒದಗಿಸುವುದಷ್ಟೇ ಎಂಜಿನಿನ ಕೆಲಸ. ಎಂಜಿನು ನಿಂತರೆ ವೇಗವನ್ನು ಬೇರೊಂದು ಕಡೆಯಿಂದ ಪಡೆಯಬೇಕಾಗುವುದು. ಆ ಬೇರೊಂದು ಕಡೆಯೇ ಎತ್ತರ. ಮಧ್ಯಾಹ್ನದ ಬಿಸಿಲಿನಲ್ಲಿ ಗರುಡಪಕ್ಷಿಯು ರೆಕ್ಕೆಯನ್ನು ಬಡಿಯದೆಯೇ ಉದ್ದಕ್ಕೆ ತೇಲಿಹೋಗುವುದನ್ನು ನೋಡದವರಾರು? ಸೈಕಲ್ಲಿನವನು ಇಳಿಜಾರಿನಲ್ಲಿ ಪೆಡಲು ತುಳಿಯದೆ ಸಾಗುವಂತೆ, ವಿಮಾನವೂ ಮೂತಿಯನ್ನು ಕೊಂಚ ತಗ್ಗಿಸಿ ಗಾಳಿಯ ಇಳಿಜಾರಿನಲ್ಲಿ ಜಾರುತ್ತ ಸಾಗಬಲ್ಲುದು. ಶಿಕ್ಷಣಶಾಲೆಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಸೆಸ್ನಾ ೧೭೨ ಎಂಬ ನಾಲ್ಕು ಆಸನಗಳ ವಿಮಾನವು ಒಂದು ಮಾರು ಕೆಳಗಿಳಿಯುವಷ್ಟರಲ್ಲಿ ಸುಮಾರು ಒಂಬತ್ತು ಮಾರು ಮುಂದಕ್ಕೆ ಹೋಗುತ್ತದೆ. ಅಂದರೆ ಸಾವಿರ ಮೀಟರು ಎತ್ತರದಲ್ಲಿ ಎಂಜಿನು ನಿಂತರೆ ಗಾಳಿಯಿಲ್ಲದ ದಿನ ಒಂಬತ್ತು ಕಿಲೋಮೀಟರು, ಹಳೆಯ ಲೆಕ್ಕದಲ್ಲಿ ಹೆಚ್ಚು ಕಡಮೆ ಎರಡು ಹರಿದಾರಿ, ಸಾಗಲು ಅವಕಾಶವುಂಟು. ಆಗ ಅದರ ವೇಗ ಗಂಟೆಗೆ ೧೨೦ ಕಿಲೋಮೀಟರಿನಷ್ಟು. ನೆಲವನ್ನು ಮುಟ್ಟಲು ನಾಲ್ಕು ನಿಮಿಷಕ್ಕೂ ಮೇಲೆ ಹಿಡಿಯುವುದು. ನಾಲ್ಕು ನಿಮಿಷವೆಂದರೆ ಸ್ವಲ್ಪವೇ ಎನ್ನಬಹುದು. ಆದರೆ ಮಾಡತಕ್ಕ ಕೆಲಸವನ್ನು ಮೊದಲೇ ಅಭ್ಯಾಸಮಾಡಿ ಬಾಯಿಪಾಠ ಮಾಡಿಕೊಂಡವನಿಗೆ ಅದು ಧಾರಾಳವಾದ ಕಾಲ.

ಎಂಜಿನು ಏಕೆ ನಿಲ್ಲುವುದು? ಯಂತ್ರವು ಒಳಗಿನಿಂದ ಮುರಿದು ನಿಲ್ಲುವುದೂ ಉಂಟು. ಆದರೆ ವರದಿಗಳನ್ನು ಓದುತ್ತ ಹೋದಂತೆ ನಮಗೆ ಆಶ್ಚರ್ಯವನ್ನುಂಟುಮಾಡಿದ ಸಂಗತಿ ಬೇರೆ. ಎಷ್ಟೋ ವಿಮಾನಗಳು ಕೇವಲ ಪೆಟ್ರೋಲು ತೀರಿಹೋದುದರಿಂದ, ಇಲ್ಲವೆ ಒಂದು ರೆಕ್ಕೆಯ ತೊಟ್ಟಿಯಲ್ಲಿ ಪೆಟ್ರೋಲಿದ್ದೂ ಬರಿದಾದ ಇನ್ನೊಂದು ತೊಟ್ಟಿಯ ಕಡೆಗೆ ಕೀಲಿಯನ್ನು ತಿರುಗಿಸಿಟ್ಟಿದ್ದುದರಿಂದ ನೆಲಕ್ಕಿಳಿದಿವೆ. ಹೊರಡುವ ಮುನ್ನ ತೊಟ್ಟಿಯ ಮುಚ್ಚಳವನ್ನು ತೆಗೆದು ಕಣ್ಣಾರೆ ನೋಡುವುದಕ್ಕೆ ಎರಡು ನಿಮಿಷ ಸಾಕು. ತೊಟ್ಟಿಯ ತಳದಿಂದ ಒಂದು ಸಣ್ಣ ಗಾಜಿನ ಬಟ್ಟಲಿಗೆ ಕೊಂಚ ಪೆಟ್ರೋಲನ್ನು ಇಳಿಸಿ ಬೆಳಕಿಗೆ ಹಿಡಿದು ನೋಡುವ ಪದ್ಧತಿಯೂ ಇದೆ. ಆ ಪೆಟ್ರೋಲಿಗೆ ನೀಲಿಯ ಬಣ್ಣ ಕಟ್ಟಿರುತ್ತಾರೆ. ನೀರು ಸೇರಿದ್ದರೆ ಅದು ಬಣ್ಣವಿಲ್ಲದೆ ಅಡಿಯಲ್ಲಿ ಮುತ್ತಿನಂತೆ ನಿಂತು ಕಾಣಿಸುವುದು. ನಮ್ಮ ಮನೆಯ ಹೆಂಗಸರು ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡುವುದಕ್ಕಿಂತ ಇದು ಸುಲಭ.

ಸಣ್ಣ ವಿಮಾನದ ಮಾತಲ್ಲವಾದರೂ ಇಲ್ಲಿ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆವು. ಅದು ಶಾಲೆಯ ಮೇಷ್ಟ್ರುಗಳಿಗೆ ವಿಶೇಷವಾಗಿ ಸಂಬಂಧಪಟ್ಟದ್ದು. ೧೯೮೩ನೆಯ ಇಸವಿ ಜುಲೈ ೨೩ರಂದು ಕೆನಡಾ ದೇಶದಲ್ಲಿ ೬೯ ಜನರನ್ನು ಹೊತ್ತ ಬೋಯಿಂಗ್ ೭೬೭ ವಿಮಾನವೊಂದರ ಎರಡು ಎಂಜಿನುಗಳೂ ಆಕಾಶದಲ್ಲಿಯೇ ನಿಂತವು. ಆ ದೇಶವು ಆಗ ಪೌಂಡಿನಿಂದ ಕಿಲೋಗ್ರಾಮಿಗೆ ದಾಟುತ್ತಿದ್ದ ಕಾಲ. ಎಣ್ಣೆಯ ಅಳತೆಯ ಯಂತ್ರವು ಕೆಟ್ಟಿದ್ದುದರಿಂದ ಕೈಯಲ್ಲಿ ಲೆಕ್ಕ ಹಾಕಿದರು. ಒಂದು ಲೀಟರು ಎಣ್ಣೆ ಸುಮಾರು ೧.೭೭ ಪೌಂಡು ತೂಗುತ್ತದೆ, ಕಿಲೋಗ್ರಾಮಿನಲ್ಲಾದರೆ ೦.೮, ಅವರು ಕಿಲೋಗ್ರಾಮು ಹಾಕಬೇಕಾದಲ್ಲಿ ಪೌಂಡಿನ ಸಂಖ್ಯೆಯನ್ನು ಹಾಕಿದರು. ಬೇಕಾದುದರಲ್ಲಿ ಅರ್ಧಕ್ಕೂ ಕಡಮೆ ಎಣ್ಣೆಯೊಡನೆ ವಿಮಾನವು ಹೊರಟಿತು. ಚಾಲಕನು ಎಂಜಿನಿಲ್ಲದ ಗ್ಲೈಡರುಗಳನ್ನು ಹಾರಿಸಿ ಬಲ್ಲವನಾದುದರಿಂದ ಗಿಮ್ಲಿ ಎಂಬಲ್ಲಿನ ಹಳೆಯ ಸೈನ್ಯದ ನಿಲ್ದಾಣಕ್ಕೆ ಅದನ್ನು ತೇಲಿಸಿಕೊಂಡು ಹೋಗಿ ಇಳಿಸಿದನು. ಒಬ್ಬರೂ ಸಾಯಲಿಲ್ಲ. “ಉತ್ತರಕ್ಕೆ ಮಾನವನ್ನು ಬರೆಯದಿದ್ದರೆ ಅಂಕವಿಲ್ಲ” ಎಂದು ಹುಡುಗರನ್ನು ಗದರಿಸುತ್ತಿದ್ದ ಗಣಿತದ ಮೇಷ್ಟ್ರುಗಳಿಗೆ ಇದಕ್ಕಿಂತ ದೊಡ್ಡ ದೃಷ್ಟಾಂತ ಬೇಕೆ?

ಇನ್ನೊಂದು ಕಾರಣವು ಉಷ್ಣದೇಶದವರಾದ ನಮಗೆ ವಿಚಿತ್ರವಾಗಿ ತೋರುವುದು. ಎಂಜಿನಿನಲ್ಲಿ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸತಕ್ಕ ಕಾರ್ಬುರೇಟರೆಂಬ ಭಾಗದಲ್ಲಿ ಮಂಜುಗಡ್ಡೆ ಕಟ್ಟುವುದುಂಟು. ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಯಾವ ನ್ಯಾಯದಿಂದಲೋ ಆ ನ್ಯಾಯದಿಂದಲೇ ಪೆಟ್ರೋಲು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದು. ಇಕ್ಕಟ್ಟಾದ ಕೊಳವೆಯಲ್ಲಿ ಗಾಳಿಯೂ ರಭಸದಿಂದ ಹರಿದು ತಣಿಯುವುದು. ಎರಡೂ ಸೇರಿ ಉಷ್ಣವು ಮೂವತ್ತು ಡಿಗ್ರಿಗಳಷ್ಟು ಕುಸಿಯಬಹುದು. ಆದಕಾರಣ ಹೊರಗೆ ಇಪ್ಪತ್ತು ಡಿಗ್ರಿಯ ಹಿತವಾದ ಹವೆಯಿದ್ದರೂ, ಅದರಲ್ಲಿ ತೇವವು ಹೆಚ್ಚಾಗಿದ್ದರೆ, ಒಳಗೆ ಮಂಜು ಬೆಳೆದು ಎಂಜಿನಿನ ಗಂಟಲನ್ನು ಬಿಗಿಯುವುದು. ಇದಕ್ಕೆ ಪ್ರತೀಕಾರವಾಗಿ ಎಂಜಿನಿನ ಬಿಸಿಗಾಳಿಯನ್ನು ಒಳಕ್ಕೆ ಬಿಡತಕ್ಕ ಗುಬುಟೊಂದು ಚಾಲಕನ ಕೈಗೆ ಎಟುಕುವಂತಿರುತ್ತದೆ. ಕಿಡಿ ಹೊತ್ತಿಸುವ ಮ್ಯಾಗ್ನೆಟೋ ಯಂತ್ರವನ್ನಾದರೋ ಎರಡು ಇಟ್ಟಿರುತ್ತಾರೆ. ಒಂದು ಕೆಟ್ಟರೆ ಇನ್ನೊಂದು ನಡೆಯಿಸುತ್ತದೆ. ಹೊರಡುವ ಮುನ್ನ ಒಂದೊಂದನ್ನೇ ಆರಿಸಿ ಪರೀಕ್ಷಿಸುವುದು ನಿಯಮ.

ಇಷ್ಟಾಗಿಯೂ ಎಂಜಿನು ನಿಂತಿತೆನ್ನೋಣ. ಸದ್ದು ಅಡಗಿತು, ಮುಂದಿನ ಪ್ರೊಪೆಲ್ಲರು ಗಾಳಿಗೆ ಸುಮ್ಮನೆ ಸುತ್ತುತ್ತಿದೆ. ಆ ಹುಡುಗಿ ನಮಗೆ ಹೇಳಿದ ಕ್ರಮವಿದು. ಮೊದಲನೆಯ ಕೆಲಸ, ಮೂತಿಯನ್ನು ತಗ್ಗಿಸಿ ಆ ವಿಮಾನಕ್ಕೆ ನಿಯತವಾದ ತೇಲುವೇಗವನ್ನು ಹಿಡಿಯುವುದು. ಮನುಷ್ಯನ ಸ್ವಭಾವವು ಇದಕ್ಕೆ ವಿರೋಧವಾದದ್ದು. ನೆಲವು ಮೇಲೇರಿ ಬರುತ್ತಿರುವಾಗ ಕೈಯು ತಾನಾಗಿ ಮೂತಿಯನ್ನು ಮೇಲಕ್ಕೆಳೆಯುವುದು. ಹಾಗೆಳೆದರೆ ವೇಗ ಕುಂದಿ, ರೆಕ್ಕೆಯ ಮೇಲಣ ಗಾಳಿಯ ಹರಿವು ಒಡೆದು, ವಿಮಾನವು ನಿಜವಾಗಿಯೂ ಕಲ್ಲಿನಂತೆ ಬೀಳುವುದು. ಜನರ ನಂಬಿಕೆಯಲ್ಲಿರುವ ಆ ಬೀಳುವಿಕೆಯು ಎಂಜಿನು ನಿಂತುದರಿಂದ ಬರುವುದಲ್ಲ, ಹೆದರಿದ ಕೈಯಿಂದ ಬರುವುದು. ಶಿಕ್ಷಕನು ಪಾಠದ ನಡುವೆ ಹೇಳದೆ ಕೇಳದೆ ಎಂಜಿನಿನ ಶಕ್ತಿಯನ್ನು ಇಳಿಸಿಬಿಟ್ಟು “ಈಗೇನು ಮಾಡುವೆ?” ಎಂದು ಕೇಳುವುದು ಈ ಕೈಯನ್ನು ಪಳಗಿಸುವುದಕ್ಕೇ.

ಎರಡನೆಯದು, ಇಳಿಯುವುದಕ್ಕೆ ಜಾಗವನ್ನು ಗೊತ್ತುಮಾಡುವುದು. ನಮ್ಮ ಸೀಮೆಯಲ್ಲಿ ಕೊಯ್ಲಾದ ರಾಗಿಯ ಹೊಲ ಉತ್ತಮ. ನೀರು ನಿಂತ ಗದ್ದೆಯಲ್ಲಿ ಗಾಲಿಗಳು ಹೂತು ವಿಮಾನವು ಮಗುಚಿಕೊಳ್ಳುವುದು. ಆಳೆತ್ತರದ ಕಬ್ಬು ಮೇಲಿನಿಂದ ಹುಲ್ಲಿನಂತೆ ಕಂಡು ಮೋಸಮಾಡುವುದು. ಉತ್ತ ಹೊಲವಾದರೆ ಸಾಲುಗಳ ಉದ್ದಕ್ಕೆ ಇಳಿಯಬೇಕೇ ಹೊರತು ಅಡ್ಡಕ್ಕಲ್ಲ. ರಸ್ತೆ ನೆಟ್ಟಗಿದೆಯೆಂದು ನಂಬುವಂತಿಲ್ಲ. ವಿದ್ಯುತ್ತಿನ ತಂತಿಗಳು ಆಕಾಶದಿಂದ ಕಣ್ಣಿಗೆ ಬೀಳವು. ಆದಕಾರಣ ತಂತಿಯನ್ನಲ್ಲ, ಕಂಬಗಳ ಸಾಲನ್ನು ಹುಡುಕಬೇಕು. ಗಾಳಿಯು ಯಾವ ಕಡೆಯಿಂದ ಬೀಸುತ್ತಿದೆಯೆಂಬುದನ್ನು ಒಲೆಯ ಹೊಗೆಯಿಂದಲೂ, ಒಣಹಾಕಿದ ಸೀರೆಗಳಿಂದಲೂ, ಕೆರೆಯ ನೀರಿನ ಮೇಲಣ ಅಲೆಗಳಿಂದಲೂ ತಿಳಿದು ಗಾಳಿಗೆ ಎದುರಾಗಿ ಇಳಿಯಬೇಕು. ಎದುರುಗಾಳಿಯು ನೆಲದ ಮೇಲಣ ವೇಗವನ್ನು ತಗ್ಗಿಸುವುದು. ಆ ತಗ್ಗುವಿಕೆಯ ಬೆಲೆ ಎಷ್ಟೆಂದರೆ, ವೇಗವು ಅರ್ಧವಾದರೆ ಆಘಾತದ ಶಕ್ತಿಯು ಕಾಲುಪಾಲಾಗುವುದು. ಗಂಟೆಗೆ ೮೦ ಕಿಲೋಮೀಟರಿನಲ್ಲಿ ನೆಲವನ್ನು ಮುಟ್ಟಿದ ವಿಮಾನವು ಮೂರು ಮೀಟರಿನೊಳಗೆ ಒಂದೇ ಸಮನಾಗಿ ನಿಂತರೂ ಒಳಗಿನವರ ಮೇಲೆ ಅವರ ತೂಕದ ಒಂಬತ್ತರಷ್ಟು ಬಲ ಮಾತ್ರ ಬೀಳುವುದು. ಪಟ್ಟಿ ಬಿಗಿದು ಕುಳಿತವರು ಅದನ್ನು ತಾಳಬಲ್ಲರು. ಅದೇ ೧೬೦ ಕಿಲೋಮೀಟರಾದರೆ ಅಷ್ಟೇ ಬಲಕ್ಕೆ ಹನ್ನೊಂದು ಮೀಟರಿಗಿಂತ ಹೆಚ್ಚು ಜಾಗ ಬೇಕು. ಆದುದರಿಂದಲೇ ರೆಕ್ಕೆಯೋ ಗಾಲಿಯೋ ಬೇಲಿಗೆ ತಗುಲಿ ಮುರಿದರೂ ಮುರಿಯಲಿ, ಅದು ವೇಗವನ್ನು ನುಂಗಿಕೊಂಡು ಹೋಗುವುದೆಂದು ಶಿಕ್ಷಕರು ಹೇಳುತ್ತಾರೆ. ವಿಮಾನವನ್ನು ಉಳಿಸಲು ಹೋಗಿ ಜೀವವನ್ನು ಕಳೆದುಕೊಂಡವರ ಕಥೆಗಳು ವರದಿಗಳಲ್ಲಿ ಬೇಕಾದಷ್ಟಿವೆ.

ಜಾಗ ಗೊತ್ತಾದ ಮೇಲೆ ಕಾಲವುಳಿದರೆ ಎಂಜಿನನ್ನು ಮತ್ತೆ ಎಬ್ಬಿಸುವ ಯತ್ನ: ತೊಟ್ಟಿಯನ್ನು ಬದಲಿಸುವುದು, ಬಿಸಿಗಾಳಿಯನ್ನು ಬಿಡುವುದು, ಮ್ಯಾಗ್ನೆಟೋಗಳನ್ನು ನೋಡುವುದು. ಅನಂತರ ರೇಡಿಯೋದಲ್ಲಿ ಮೂರು ಸಲ “ಮೇಡೇ” ಎಂದು ಕೂಗಿ ತಾನೆಲ್ಲಿರುವೆನೆಂಬುದನ್ನು ತಿಳಿಸುವುದು. ಈ ಶಬ್ದದ ವ್ಯುತ್ಪತ್ತಿ ಸೊಗಸಾಗಿದೆ. ಮೇ ತಿಂಗಳಿಗೂ ಇದಕ್ಕೂ ಸಂಬಂಧವಿಲ್ಲ. “ನನಗೆ ನೆರವಾಗಿ” ಎಂಬರ್ಥದ ಫ್ರೆಂಚ್ ಮಾತಿನ ಉಚ್ಚಾರಣೆಯನ್ನು ಹಿಡಿದು, ೧೯೨೦ರ ದಶಕದ ಮೊದಲಲ್ಲಿ ಲಂಡನ್ನಿನ ಕ್ರಾಯ್ಡನ್ ನಿಲ್ದಾಣದ ರೇಡಿಯೋ ಅಧಿಕಾರಿಯೊಬ್ಬರು ಇದನ್ನು ಬಳಕೆಗೆ ತಂದರು. ಅಲ್ಲಿಂದ ಹೊರಟ ವಿಮಾನಗಳು ಬಹುಮಟ್ಟಿಗೆ ಪ್ಯಾರಿಸಿಗೇ ಹೋಗುತ್ತಿದ್ದುವಷ್ಟೆ. ನೆಲವು ಸಮೀಪಿಸಿದಾಗ ಪೆಟ್ರೋಲನ್ನೂ ಕಿಡಿಯನ್ನೂ ವಿದ್ಯುತ್ತನ್ನೂ ನಿಲ್ಲಿಸಿ, ಪಟ್ಟಿಗಳನ್ನು ಬಿಗಿದು, ಬಾಗಿಲ ಅಗುಳಿಯನ್ನು ತೆಗೆದಿಡಬೇಕು. ಮೈ ಜಜ್ಜಿಹೋದ ವಿಮಾನದ ಮುಚ್ಚಿದ ಬಾಗಿಲು ಒಳಗಿನಿಂದ ತೆರೆಯದೆ ಹೋಗಬಹುದು.

ಇದೆಲ್ಲವೂ ಎತ್ತರದಲ್ಲಿದ್ದಾಗಿನ ಮಾತಾಯಿತು. ನಿಜವಾದ ಗಂಡಾಂತರವು ನೆಲದಿಂದ ಎದ್ದ ಮೊದಲ ಒಂದೆರಡು ನಿಮಿಷಗಳಲ್ಲಿ. ಎತ್ತರವಿನ್ನೂ ಸಂಪಾದನೆಯಾಗಿಲ್ಲ, ನಿಲ್ದಾಣವು ಬೆನ್ನ ಹಿಂದೆಯೇ ಇದೆ. ಹಿಂದಿರುಗಿಬಿಡೋಣವೆಂದು ಮನಸ್ಸು ಸೆಳೆಯುವುದು. ಆದರೆ ಹಿಂದಿರುಗಿ ಅದೇ ದಾರಿಯ ಮೇಲೆ ನಿಲ್ಲಬೇಕಾದರೆ ಅರ್ಧವೃತ್ತಕ್ಕಿಂತ ಹೆಚ್ಚು ಸುತ್ತಬೇಕು. ಸುತ್ತುವಾಗ ವಿಮಾನವನ್ನು ಓರೆಯಾಗಿಸಬೇಕು. ಓರೆಯಾದಷ್ಟೂ ರೆಕ್ಕೆಗೆ ಹೆಚ್ಚು ವೇಗ ಬೇಕು: ನಾಲ್ವತ್ತೈದು ಡಿಗ್ರಿ ಓರೆಗೆ ನೂರಕ್ಕೆ ಹತ್ತೊಂಬತ್ತು, ಅರುವತ್ತಕ್ಕೆ ನಾಲ್ವತ್ತೊಂದು ಪಾಲು ಅಧಿಕ. ವೇಗವಾದರೋ ಎತ್ತರವನ್ನು ಮಾರಿಯೇ ಬರಬೇಕು, ಎತ್ತರವೇ ಇಲ್ಲ. ಆಂಗ್ಲಭಾಷೆಯ ವೈಮಾನಿಕರು ಇದನ್ನು “ಅಸಾಧ್ಯವಾದ ತಿರುವು” ಎಂದೇ ಕರೆಯುತ್ತಾರೆ. ತಕ್ಕ ಎತ್ತರವಿಲ್ಲದಿದ್ದರೆ ಮುಂದೆ ಎಡಕ್ಕೋ ಬಲಕ್ಕೋ ಕೊಂಚವೇ ತಿರುಗಿ, ಕಂಡುದರಲ್ಲಿ ಒಳ್ಳೆಯ ಜಾಗದಲ್ಲಿ ಇಳಿಯಬೇಕೆಂಬುದೇ ಉಪದೇಶ.

ಇದಕ್ಕೆ ಪ್ರಸಿದ್ಧವಾದ ನಿದರ್ಶನವು ೨೦೧೫ನೆಯ ಮಾರ್ಚಿ ೫ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆಯಿತು. ಚಲಚ್ಚಿತ್ರಗಳ ನಟರಾದ ಹ್ಯಾರಿಸನ್ ಫೋರ್ಡರು ಸಾಂಟಾ ಮೋನಿಕಾ ನಿಲ್ದಾಣದಿಂದ ತಮ್ಮ ಸ್ವಂತ ವಿಮಾನದಲ್ಲಿ ಒಬ್ಬರೇ ಹೊರಟರು. ಅದು ರಯನ್ ಕಂಪೆನಿಯ ಎರಡು ಆಸನಗಳ, ಮೇಲೆ ತೆರೆದಿರತಕ್ಕ, ಯುದ್ಧಕಾಲದ ಶಿಕ್ಷಣ ವಿಮಾನ, ೧೯೪೨ರಲ್ಲಿ ತಯಾರಾದದ್ದು. ಫೋರ್ಡರ ಜನ್ಮವರ್ಷವೂ ಅದೇ. ವಾಹನವೂ ಸವಾರನೂ ಸಮವಯಸ್ಕರು! ಎದ್ದ ಸ್ವಲ್ಪ ಹೊತ್ತಿಗೆ ಎಂಜಿನು ಶಕ್ತಿಗುಂದಿತು. ಅವರು ರೇಡಿಯೋದಲ್ಲಿ ಎಂಜಿನು ಕೆಟ್ಟಿತೆಂದೂ ಒಡನೆ ಹಿಂದಿರುಗುವೆನೆಂದೂ ತಿಳಿಸಿ ತಿರುಗಲು ಮೊದಲುಮಾಡಿದರು. ಆದರೆ ನಿಲ್ದಾಣವನ್ನು ಮುಟ್ಟಲಾಗದೆಂದು ಕಂಡೊಡನೆ ಆ ಆಸೆಯನ್ನು ಬಿಟ್ಟರು. ನಮ್ಮ ಮೆಚ್ಚುಗೆಗೆ ಪಾತ್ರವಾದದ್ದು ಈ ಬಿಡುವಿಕೆಯೇ. ಸುತ್ತಮುತ್ತ ದಟ್ಟವಾದ ಮನೆಗಳು. ನಡುವೆ ಬಯಲೆಂದರೆ ಗಾಲ್ಫ್ ಆಟದ ಮೈದಾನವೊಂದೇ. ಅಲ್ಲಿಗೆ ವಿಮಾನವನ್ನು ಒಯ್ದರು. ಸುಮಾರು ೬೫ ಅಡಿಯೆತ್ತರದ ಮರದ ತುದಿಗೆ ತಗುಲಿ ವಿಮಾನವು ಹುಲ್ಲಿನ ಮೇಲೆ ಅಪ್ಪಳಿಸಿತು. ಆಡುತ್ತಿದ್ದವರಲ್ಲಿ ಬೆನ್ನುಮೂಳೆಯ ಶಸ್ತ್ರವೈದ್ಯರೊಬ್ಬರಿದ್ದುದು ದೈವಯೋಗ. ಎಪ್ಪತ್ತೆರಡರ ವಯಸ್ಸಿನ ಫೋರ್ಡರು ಸೊಂಟದ ಎಲುಬನ್ನೂ ಕಾಲಿನ ಗಿಣ್ಣನ್ನೂ ಮುರಿದುಕೊಂಡು ಬದುಕಿದರು. ನೆಲದ ಮೇಲೆ ಯಾರಿಗೂ ಅಪಾಯವಾಗಲಿಲ್ಲ. ಗುಣವಾದ ಮೇಲೆ ಮತ್ತೆ ಹಾರಿದರು.

ತನಿಖೆಯವರು ಎಂಜಿನನ್ನು ಬಿಚ್ಚಿ ನೋಡಿದಾಗ ಕಂಡದ್ದೇನು? ಕಾರ್ಬುರೇಟರಿನೊಳಗೆ ಪೆಟ್ರೋಲನ್ನು ಅಳೆದು ಬಿಡತಕ್ಕ ತಿರುಪಿನ ಬಿಲ್ಲೆಯೊಂದು ತನ್ನ ಸ್ಥಾನದಿಂದ ಕಳಚಿ ಅಡ್ಡಕ್ಕೆ ತಿರುಗಿಕೊಂಡಿತ್ತು. ಅಳತೆ ತಪ್ಪಿ ಪೆಟ್ರೋಲು ವಿಪರೀತವಾಗಿ ನುಗ್ಗಿತು. ಒಲೆಯೊಳಕ್ಕೆ ಒಮ್ಮೆಲೇ ಸೌದೆಯನ್ನು ತುರುಕಿದರೆ ಉರಿಯು ಉಸಿರುಗಟ್ಟಿ ಹೊಗೆಯಾಗುವಂತೆ ಎಂಜಿನೂ ಉಸಿರುಗಟ್ಟಿತು. ಆ ಕಾರ್ಬುರೇಟರನ್ನು ಕೂಡಿಸಿ ಸುಮಾರು ಹದಿನೇಳು ವರ್ಷಗಳಾಗಿದ್ದವು. ಆ ತಿರುಪನ್ನು ಆಗಾಗ ಪರೀಕ್ಷಿಸಬೇಕೆಂಬ ಸೂಚನೆಯು ಯಾವ ಕೈಪಿಡಿಯಲ್ಲಿಯೂ ಇರಲಿಲ್ಲ. ಇನ್ನೊಂದು ಸಂಗತಿಯೂ ಹೊರಬಿತ್ತು. ಹಿಂದಿನಿಂದ ಸೇರಿಸಿದ್ದ ಹೆಗಲಿನ ಪಟ್ಟಿಯನ್ನು ಆಸನದ ಬೆನ್ನಿಗೆ ಬಲವಾದ ಆಧಾರವಿಲ್ಲದೆ ಕಟ್ಟಿದ್ದರು. ಆಘಾತಕ್ಕೆ ಅದು ತಗಡನ್ನು ಸೀಳಿಕೊಂಡು ಕಿತ್ತುಬಂದಿತು; ಗಾಯಗಳು ತೀವ್ರವಾದುದಕ್ಕೆ ಇದೂ ಕಾರಣವೆಂದು ವರದಿಯು ಹೇಳುತ್ತದೆ. ಕಾರಿನ ಹಿಂದಿನ ಸೀಟಿನಲ್ಲಿ ಪಟ್ಟಿಯನ್ನು ಕಟ್ಟದೆ ಕೂರುವ ನಮ್ಮ ಮನೆಗಳ ಹಿರಿಯರು ಇದನ್ನು ಎರಡು ಸಲ ಓದಬೇಕೆಂದು ಪ್ರಾರ್ಥನೆ.

ಹಳೆಯ ಕಾಲದವರಿಗಾದರೋ ಇಂತಹ ಇಳಿತಗಳು ದಿನನಿತ್ಯದ ವ್ಯಾಪಾರವಾಗಿದ್ದವು. ೧೯೩೦ರ ಮೇ ತಿಂಗಳಲ್ಲಿ ಇಪ್ಪತ್ತಾರು ವರ್ಷದ ಏಮಿ ಜಾನ್ಸನ್ ಎಂಬ ಆಂಗ್ಲ ತರುಣಿ ಜಿಪ್ಸಿ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕ್ರಾಯ್ಡನ್ನಿನಿಂದ ಆಸ್ಟ್ರೇಲಿಯಾಕ್ಕೆ ಒಂಟಿಯಾಗಿ ಹಾರಿದಳು. ಬಾಗ್ದಾದಿನ ಹತ್ತಿರ ಮರಳಿನ ಬಿರುಗಾಳಿ ಅವಳನ್ನು ಮರುಭೂಮಿಗಿಳಿಸಿತು. ಪೆಟ್ರೋಲು ಸಾಲದೆ ಝಾನ್ಸಿಯಲ್ಲಿ ಸೈನ್ಯದ ಪೆರೇಡ್ ಮೈದಾನದಲ್ಲಿ ಇಳಿದಳು. ರಂಗೂನಿನ ಬಳಿಯ ಇನ್ಸೀನಿನಲ್ಲಿ ಎಂಜಿನಿಯರಿಂಗ್ ಶಾಲೆಯ ಆಟದ ಬಯಲಿಗಿಳಿದು ಹಳ್ಳಕ್ಕೆ ನುಗ್ಗಿದಳು. ಅಲ್ಲಿಯವರೇ ಸೇರಿ ರಿಪೇರಿಮಾಡಿ ಕಳುಹಿಸಿದರು. ಮೇ ೫ರಂದು ಹೊರಟವಳು ೨೪ರಂದು ಡಾರ್ವಿನ್ ನಗರವನ್ನು ಸೇರಿದಳು. ಅದೇ ವರ್ಷ ಇಂಗ್ಲೆಂಡು ಭಾರತಗಳ ನಡುವೆ ಒಂಟಿಯಾಗಿ ಹಾರತಕ್ಕ ಮೊದಲನೆಯ ಭಾರತೀಯನಿಗೆ ಆಗಾಖಾನರು ಬಹುಮಾನವನ್ನು ಇಟ್ಟಿದ್ದರು. ಕರಾಚಿಯಿಂದ ಹೊರಟ ಜೆ. ಆರ್. ಡಿ. ತಾತಾ ಅವರು ಈಜಿಪ್ಟಿನಲ್ಲಿ ಇಳಿದಾಗ, ಎದುರು ದಿಕ್ಕಿನಿಂದ ಬಂದ ಸ್ಪರ್ಧಿ ಆಸ್ಪಿ ಎಂಜಿನಿಯರ್ ಎಂಬ ತರುಣನು ಕಿಡಿಯ ಪ್ಲಗ್ಗುಗಳು ಕೆಟ್ಟು ಮುಂದೆ ಹೋಗಲಾರದೆ ನಿಂತಿದ್ದನು. ತಾತಾ ಅವರು ತಮ್ಮಲ್ಲಿದ್ದ ಹೆಚ್ಚಿನ ಪ್ಲಗ್ಗುಗಳನ್ನು ಅವನಿಗೆ ಕೊಟ್ಟರು. ಬಹುಮಾನವನ್ನು ಆ ತರುಣನೇ ಗೆದ್ದನು. ಮುಂದೆ ೧೯೬೦ರಲ್ಲಿ ನಮ್ಮ ವಾಯುಸೈನ್ಯದ ಮುಖ್ಯಾಧಿಕಾರಿಯೂ ಆದನು.

ಬೆಂಗಳೂರಿನ ಹಿಂದೂಸ್ಥಾನ್ ಕಾರ್ಖಾನೆಯು ೧೯೫೮ರಲ್ಲಿ ಮೊದಲು ಹಾರಿಸಿದ ಎರಡು ಆಸನಗಳ ಪುಟ್ಟ ವಿಮಾನಕ್ಕೆ “ಪುಷ್ಪಕ್” ಎಂದೇ ಹೆಸರಿಟ್ಟಿತು. ಬಟ್ಟೆ ಹೊದಿಸಿದ ರೆಕ್ಕೆ, ತೊಂಬತ್ತು ಕುದುರೆಯ ಬಲದ ಎಂಜಿನು. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಜನ ಇದರಲ್ಲಿ ಕಲಿತರು. ಈಗಿನ ಕೆಲವು ವಿಮಾನಗಳಲ್ಲಾದರೋ ಮತ್ತೂ ಒಂದು ಸೌಕರ್ಯವಿದೆ: ಚಾಲಕನು ಹಿಡಿಯೊಂದನ್ನು ಎಳೆದರೆ ಇಡೀ ವಿಮಾನವನ್ನೇ ತೂಗಿ ಇಳಿಸತಕ್ಕ ದೊಡ್ಡ ಕೊಡೆಯು ಬಿಚ್ಚಿಕೊಳ್ಳುವುದು. ೨೦೧೫ರ ಜನವರಿಯಲ್ಲಿ ಹವಾಯಿ ದ್ವೀಪಗಳಿಗೆ ಸಾಗುತ್ತಿದ್ದ ಸಿರಸ್ ವಿಮಾನವೊಂದರಲ್ಲಿ ಹೆಚ್ಚಿನ ತೊಟ್ಟಿಯ ಎಣ್ಣೆ ಎಂಜಿನಿಗೆ ಹರಿಯದೆ ಹೋಯಿತು. ಚಾಲಕನು ಮುಂಚಿತವಾಗಿಯೇ ತಿಳಿಸಿ, ಪ್ರಯಾಣಿಕರ ಹಡಗೊಂದರ ಸಮೀಪದಲ್ಲಿ ಕೊಡೆಯನ್ನು ಬಿಚ್ಚಿ ಸಮುದ್ರಕ್ಕಿಳಿದನು. ಹಡಗಿನವರು ದೋಣಿಯಲ್ಲಿ ಹೋಗಿ ಎತ್ತಿಕೊಂಡರು.

ನಮ್ಮ ನಾಡಿನಲ್ಲಿಯೂ ಇಂತಹುದು ನಡೆಯದಿಲ್ಲ. ೨೦೨೩ನೆಯ ಮೇ ೩೦ರಂದು ಬೆಳಗಾವಿಯ ಸಾಂಬ್ರಾ ನಿಲ್ದಾಣದ ಹತ್ತಿರ ಶಿಕ್ಷಣ ವಿಮಾನವೊಂದು ಯಂತ್ರದೋಷದಿಂದ ಹೊನ್ನಿಹಾಳದ ಕಡೆಯ ಹೊಲದಲ್ಲಿ ಇಳಿಯಬೇಕಾಯಿತು. ಒಳಗಿದ್ದ ಇಬ್ಬರೂ ಉಳಿದರು. ಇಂತಹ ಸಮಯದಲ್ಲಿ ಮೊದಲು ಓಡಿ ಬರುವವರು ಹೊಲದಲ್ಲಿ ಕೆಲಸಮಾಡುತ್ತಿರುವ ರೈತರೇ. ಆದಕಾರಣ ವಾಚಕರಲ್ಲಿ ಹಳ್ಳಿಗಳ ಸಂಪರ್ಕವುಳ್ಳವರು ಈ ಕೆಲವು ಸಂಗತಿಗಳನ್ನು ಅಲ್ಲಿ ತಿಳಿಸಿದರೆ ಉಪಕಾರವಾಗುವುದು. ವಿಮಾನದ ಮುಂದುಗಡೆಯಿಂದ ಹತ್ತಿರ ಹೋಗಬಾರದು. ನಿಂತಂತೆ ಕಾಣುವ ಪ್ರೊಪೆಲ್ಲರು ಕೈತಾಕಿದರೆ ಫಕ್ಕನೆ ತಿರುಗಬಹುದು. ರೆಕ್ಕೆಗಳಲ್ಲಿ ಪೆಟ್ರೋಲಿರುವುದರಿಂದ ಬೀಡಿಯ ಬೆಂಕಿಯೂ ಹತ್ತಿರ ಸುಳಿಯಬಾರದು. ೧೧೨ಕ್ಕೆ ಕರೆಮಾಡಿ ಸ್ಥಳವನ್ನು ಸ್ಪಷ್ಟವಾಗಿ ತಿಳಿಸಬೇಕು. ಬೆಂಕಿಯ ಭಯವಿಲ್ಲದಿದ್ದರೆ ಗಾಯಗೊಂಡವರ ಕತ್ತನ್ನೂ ಬೆನ್ನನ್ನೂ ಅಲುಗಿಸದೆ ವೈದ್ಯರು ಬರುವವರೆಗೆ ಮಾತನಾಡಿಸುತ್ತ ಇರಬೇಕು. ಬೆಂಕಿ ಕಂಡರೆ ಮಾತ್ರ ಪಟ್ಟಿಯನ್ನು ಬಿಚ್ಚಿ ಎಳೆದು ದೂರಕ್ಕೊಯ್ಯಬೇಕು. ಇನ್ನು ಮುರಿದು ಚೆಲ್ಲಾಡಿದ ಚೂರುಗಳನ್ನು ನೆನಪಿಗೆಂದೋ ಮಕ್ಕಳ ಆಟಕ್ಕೆಂದೋ ಯಾರೂ ಮನೆಗೆ ಒಯ್ಯಬಾರದು. ಸಾಂಟಾ ಮೋನಿಕಾದ ವಿಮಾನವು ಏಕೆ ಬಿದ್ದಿತೆಂಬುದನ್ನು ತನಿಖೆಯವರಿಗೆ ಹೇಳಿದ್ದು ಕಾರ್ಬುರೇಟರಿನೊಳಗಿನ ಆ ಒಂದು ಸಣ್ಣ ಬಿಲ್ಲೆ.